ಆಕ್ಸ್ ಎಂಬ ಫೋಲ್ಡರ್

ಕೃಪಾ ಮತ್ತೆ ಅದೇ ಅಕ್ಷರಗಳನ್ನು ಒತ್ತಿದಳು: ಎ, ಯು, ಎಕ್ಸ್. ಈ ಸಲವೂ ಕಂಪ್ಯೂಟರು ಒಪ್ಪಲಿಲ್ಲ. ಆ ಹೆಸರು ಅಮಾನ್ಯವಂತೆ. ಮೇನ್ ಬಾಯ್ಲರಿಗೊಂದು ಫೋಲ್ಡರ್ ಆಗಿತ್ತು, ಪಂಪುಗಳಿಗೂ ಆಗಿತ್ತು. ಆಕ್ಸಿಲಿಯರಿ ಬಾಯ್ಲರಿಗೆ ಮಾತ್ರ ಆಗಲೊಲ್ಲದು. ಅದರ ವರದಿ ಸಂಜೆಯೊಳಗೆ ಕೊಯಾಲಿಯ ರಿಫೈನರಿಗೆ ಹೋಗಬೇಕಿತ್ತು.

ವಡೋದರಾದ ಆ ಆಫೀಸಿನ ಕಂಪ್ಯೂಟರುಗಳೆಲ್ಲ ಸುಮುಖ್ ಎಂಬವನ ಕೈಯಲ್ಲಿದ್ದವು. ಹುಬ್ಬಳ್ಳಿಯವನು. ದೀಪಾವಳಿಗೆ ಅವನ ಮನೆಯವರು ದಾವಣಗೆರೆಯ ಕೃಪಾಳ ಮನೆಗೆ ಹೋಗಿ ಹೆಣ್ಣು ಕೇಳಿದ್ದರು, ಅವಳು ಬೇಡವೆಂದಿದ್ದಳು. ಆಮೇಲೂ ಅವನು ಎದುರಾದಾಗಲೆಲ್ಲ ನಕ್ಕು ಮಾತಾಡಿಸುತ್ತಿದ್ದ. ಆ ನಗುವೇ ಅವಳಿಗೆ ಸರಿಬರುತ್ತಿರಲಿಲ್ಲ. ಒಳಗೇನೋ ಇಟ್ಟುಕೊಂಡಿದ್ದಾನೆ ಎಂದುಕೊಂಡಿದ್ದಳು. ಈಗ ಹೊರಗೆ ಬಂತಲ್ಲ! ಅವನನ್ನು ಕೇಳಲೂ ಹೋಗದೆ ನೇರ ಮ್ಯಾನೇಜರ್ ಪರೇಶ್‌ಭಾಯಿಯ ಕೋಣೆಗೆ ನಡೆದಳು. "ಬೇಕಂತಲೇ ನನ್ನ ಕೆಲಸ ತಡೀತಿದ್ದಾರೆ ಸರ್," ಎಂದು ಹಿಂದಿಯಲ್ಲಿ ಹೇಳಿದಳು. ಹೆಣ್ಣು ಕೇಳಿದ ಸಂಗತಿಯನ್ನೂ ಬಿಡಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ತಂಗಿಗೆ ಹೇಳುವಂತೆ, "ನಾನು ನೋಡಿಕೊಳ್ಳುತ್ತೇನೆ ಬೇನ್," ಎಂದರು.

ಸ್ವಲ್ಪ ಹೊತ್ತಿಗೆ ಪರೇಶ್‌ಭಾಯಿಯ ಕೋಣೆಯಿಂದ ಸುಮುಖ್ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ.

"ಏನಾತ್ರೀ?"

"ನಿಮಗೆ ಗೊತ್ತಿಲ್ವಾ?" ಎಂದು ಅವಳು ಸ್ಕ್ರೀನ್ ತಿರುಗಿಸಿದಳು.

ಅವನು ನೋಡಿ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರು ಬರೆದ. ಅಲ್ಲೂ ಅದೇ ಉತ್ತರ. "ನನಗೂ ಮಾಡಾಕ ಬರಂಗಿಲ್ಲ ನೋಡ್ರಿ. ಹಳೇ ಕಾಲದ ಕಂಪ್ಯೂಟರಿನಾಗ ಫೋಲ್ಡರ್ ಅನ್ನೋದೇ ಇರಲಿಲ್ಲ. ಪ್ರಿಂಟರಿಗೊಂದು ಹೆಸರು, ಹಿಂದ ವಯರ್ ಚುಚ್ಚೋ ಜಾಗಕ್ಕೊಂದು ಹೆಸರು ಇಟ್ಟಿದ್ರು. ಅದು ಆಕ್ಸ್. ಬ್ಯಾರೆ ಯಾವುದಕ್ಕೂ ಆ ಹೆಸರು ಇಡಬಾರದು ಅಂತ ಆವಾಗ ಮಾಡಿದ್ದು, ಇವತ್ತಿಗೂ ಹಂಗ ಐತಿ."

"ಈಗ ಅದನ್ನ ಯಾರು ಬಳಸ್ತಾರೆ?"

"ಯಾರಿಗೂ ಗೊತ್ತಿಲ್ರಿ. ಎಲ್ಲೋ ಒಂದು ಫ್ಯಾಕ್ಟರಿಯಾಗ ಹಳೇ ಪ್ರೋಗ್ರಾಂ ಇನ್ನೂ ಆ ಹೆಸರು ನಂಬಿಕೊಂಡು ಓಡ್ತಿದ್ರ? ತೆಗೆದ್ರ ಅದು ಬಂದ್ ಬೀಳತೈತಿ. ಅದಕ್ಕ ಯಾರೂ ಕೈ ಹಚ್ಚೂದಿಲ್ಲ."

ಕೃಪಾಳಿಗೆ ಇನ್ನೂ ನಂಬಿಕೆ ಬರಲಿಲ್ಲ. ಎದ್ದು ಹೋಗಿ ಅಕೌಂಟ್ಸಿನವರ ಕಂಪ್ಯೂಟರಿನಲ್ಲಿ ಬರೆದು ನೋಡಿದಳು. ಅಲ್ಲೂ ಆಗಲಿಲ್ಲ. ವಾಪಸು ಬಂದು ಹೆಸರಿನ ಮುಂದೆ 'ಬಾಯ್ಲರ್' ಎಂದು ಸೇರಿಸಿದಳು. ಫೋಲ್ಡರ್ ತಟ್ಟನೆ ಮೂಡಿತು.

ಸುಮುಖ್ ದನಿ ತಗ್ಗಿಸಿ ಕೇಳಿದ: "ಪರೇಶ್‌ಭಾಯಿಗೆ ನಮ್ಮ ಮನಿಯವರು ನಿಮ್ಮಲ್ಲಿಗೆ ಬಂದಿದ್ದೂ ಹೇಳಿದ್ರೇನ್ರಿ?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಎದ್ದವಳೇ ಮ್ಯಾನೇಜರ್ ಕೋಣೆಗೆ ಓಡಿದಳು. ಪರೇಶ್‌ಭಾಯಿ ಸಾಸರಿಗೆ ಚಹಾ ಬಗ್ಗಿಸಿಕೊಳ್ಳುತ್ತಿದ್ದರು.

"ನಾನೇ ತಪ್ಪು ತಿಳಿದೆ ಸರ್. ಅವರದು ಏನೂ ಇಲ್ಲ."

"ಒಳ್ಳೆಯದಾಯಿತು. ನಿಮ್ಮ ವಿಭಾಗದ ಕಂಪ್ಯೂಟರುಗಳನ್ನು ಆಗಲೇ ಅವನಿಂದ ತೆಗೆದು ಬೇರೆಯವರಿಗೆ ವಹಿಸಿದ್ದೇನೆ. ಇನ್ನು ಅವನು ಇತ್ತ ಬರುವುದಿಲ್ಲ."

"ಬೇಡ ಸರ್, ವಾಪಸ್ ಕೊಡಿ. ಈಗ ಅದಕ್ಕೆ ಕಾರಣವೇ ಇಲ್ಲವಲ್ಲ?"

"ಕಾರಣ ಇಲ್ಲ, ಒಪ್ಪಿದೆ," ಎಂದು ಪರೇಶ್‌ಭಾಯಿ ಚಹಾ ಹೀರಿದರು. "ಆದರೂ ಇರಲಿ ಬಿಡಿ ಬೇನ್. ಒಮ್ಮೆ ಮಾಡಿದ್ದನ್ನು ತೆಗೆದುಹಾಕಿ ನಾಳೆ ಏನಾದರೂ ಆದರೆ?"