ಸೀತನಿಯಾಗದ ತೆನೆ

ಸಂಶೋಧನಾ ಹೊಲದಲ್ಲಿ ನೀರು ಬಿಡದ ತಾಕಿನ ಕಡೆಯಿಂದ ಹೊಗೆ ಏಳುವುದನ್ನು ಕಂಡು ವೈಜನಾಥ ಕೈಯಲ್ಲಿದ್ದ ಪುಸ್ತಕ ಅಲ್ಲೇ ಎಸೆದು ಓಡಿದ. ಬದುವಿನ ಮೇಲೆ ಅವನ ತಾಯಿ ಸಾವಿತ್ರಿಬಾಯಿ ಎರಡು ಕುಳ್ಳು ಹೊತ್ತಿಸಿಕೊಂಡು, ಕೆಂಡದಲ್ಲಿ ಜೋಳದ ತೆನೆಯೊಂದನ್ನು ತಿರುವಿಹಾಕುತ್ತಾ ಕೂತಿದ್ದಳು. ಮಡಿಲಲ್ಲಿ ಇನ್ನೂ ನಾಲ್ಕು ತೆನೆ. ಪಕ್ಕದಲ್ಲಿ, ಬೇರೆ ಗಿಡದ ಪರಾಗ ತಾಗದಂತೆ ತೆನೆಗಳಿಗೆ ಕಟ್ಟಿದ್ದ ಕಾಗದದ ಚೀಲಗಳು ಹರಿದು ಬಿದ್ದಿದ್ದವು.

"ಅವ್ವಾ! ನಿನಗ ಆ ಕಡೆ ಅಂಚಿನ ಸಾಲಿನಾಗ ಮುರಕೋ ಅಂತ ಹೇಳಿದ್ನೆಲ್ಲ!"

"ಅಲ್ಲಿ ತನಕ ಯಾರು ನಡೀಬೇಕೋ? ಮೆಹದಿಪಟ್ಟಣಕ್ಕ ನಿನ್ನ ಮನಿಗೆ ಬಂದಾಗಿಂದ ಸೀತನಿ ಮಾರಿ ನೋಡಿಲ್ಲ, ಎಳೇ ಜ್ವಾಳ ಸುಟ್ಟು ತಿಂದಿಲ್ಲ. ಇಲ್ಲಿ ಎಲ್ಲಾ ಒಣಗಿ ರವದಿ ಆಗೇತಿ, ಇದೊಂದು ಸಾಲು ಹಚ್ಚಗ ಇತ್ತು. ಎಳೇದು ಅಂತ ಮುರದೆ. ಅಲ್ಲೋ, ತೆನಿಗೆ ಯಾಕ ಟೊಪ್ಪಿಗಿ ಹಾಕೀರಿ? ಥಂಡಿ ಆಗತೈತೇನು?"

ವೈಜನಾಥನಿಗೆ ನಗು ಬರಲಿಲ್ಲ. ಬರ ತಡೆಯುವ ಜೋಳ ಕಾಳು ಕೊಡುತ್ತಿರಲಿಲ್ಲ, ಕಾಳು ಕೊಡುವುದು ಬರ ತಡೆಯುತ್ತಿರಲಿಲ್ಲ. ಎರಡೂ ಗುಣ ಒಂದೇ ಗಿಡಕ್ಕೆ ಇಳಿಯಲೆಂದು ಎಂಟು ವರ್ಷ ತಳಿಗೆ ತಳಿ ಕೂಡಿಸಿದ್ದ. ಹೂವಾದಾಗಿನಿಂದ ಹನಿ ನೀರು ಕಾಣದ ಈ ತಾಕಿನಲ್ಲಿ ಹಸಿರುಳಿದದ್ದು ಐದೇ ಗಿಡ. ಹಸಿರೇನೋ ಸರಿ, ಒಳಗೆ ಕಾಳು ಕಟ್ಟಿರಲಾರದು ಎಂದು ಆಫೀಸಿನಲ್ಲಿ ನಕ್ಕಿದ್ದರು. ಚೀಲ ಬಿಚ್ಚಿ ನೋಡುವುದು ಸೋಮವಾರಕ್ಕಿತ್ತು.

"ಅವು ಎಳೇವೇ ಇದ್ರ ಬೀಜಕ್ಕೂ ಬರಂಗಿಲ್ಲವ್ವಾ. ನನ್ನ ಎಂಟು ವರ್ಷ ಬೂದಿ ಆತು."

ಸಾವಿತ್ರಿಬಾಯಿಯ ಕೈ ನಿಂತಿತು. ಮಗನ ಮುಖ ನೋಡಿದಳು. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಕಟಕ್ಕೆಂದು ಸದ್ದಾಯಿತು. ಕೆನ್ನೆ ಹಿಡಿದುಕೊಂಡು ಉಗುಳಿದಳು.

"ಇದರ ಹೆಣಾ ಎತ್ಲಿ! ಎಲಿ ನೋಡಿದ್ರ ಎಳೇ ಹಾಲಗಾಳು ಅನ್ನಬೇಕು, ಕಡದ್ರ ಹಲ್ಲ ಮುರೀತೈತಿ. ಪೂರಾ ಬಲತು ರಾಶಿಗೆ ಬಂದೈತೋ ಇದು! ಅರವತ್ತು ಸುಗ್ಗಿ ಕಂಡೀನಿ, ಒಂದು ಜ್ವಾಳನೂ ನನಗ ಹಿಂಗ ಮೋಸ ಮಾಡಿರಲಿಲ್ಲ."

ವೈಜನಾಥ ಅವಳ ಮಡಿಲಿನಿಂದ ಒಂದು ತೆನೆ ಎತ್ತಿ ಬೆರಳಲ್ಲಿ ಉಜ್ಜಿದ. ದಪ್ಪ, ಬೆಳ್ಳಗಿನ, ಗಟ್ಟಿ ಕಾಳು ಅಂಗೈ ತುಂಬಾ ಉದುರಿದವು. ಅವನ ಕಣ್ಣು ಮಂಜಾಯಿತು.

"ಅವ್ವಾ, ಇನ್ನೊಮ್ಮೆ ಹೇಳು. ನಿನಗ ಏನು ಮಾಡಿತು ಅದು?"

"ಮೋಸ ಮಾಡಿತು ಅಂದ್ನೆಲ್ಲೋ!" ಸಾವಿತ್ರಿಬಾಯಿ ಕೆನ್ನೆ ಹಿಡಿದುಕೊಂಡೇ, ಉಳಿದ ಮೂರು ತೆನೆಗಳ ಮೇಲೆ ಸೆರಗನ್ನು ಜೋಪಾನವಾಗಿ ಮುಚ್ಚಿದಳು. "ಯಾವ ಪುಣ್ಯಾತ್ಗಿತ್ತಿ ಮಗ ಬೆಳಸ್ಯಾನೋ ಇದನ್ನ?"