ಬಯ್ಯಪ್ಪನವರ ಅಂದಾಜು

ಮೊಟ್ಟೆಯೊಡೆದು ಎರಡು ದಿನವಾಗಿದ್ದ ರೇಷ್ಮೆಹುಳುಗಳಿಗೆ ಬಯ್ಯಪ್ಪನವರು ಸೊಪ್ಪು ಕತ್ತರಿಸುತ್ತಿದ್ದರು. ಎಳೆಯ ಎಲೆಗಳನ್ನು ಸುರುಳಿ ಸುತ್ತಿ, ಮಣೆಯ ಮೇಲಿಟ್ಟು ಚಾಕು ಆಡಿಸಿದರೆ ದಾರದಂಥ ಎಳೆಗಳು ಉದುರುತ್ತಿದ್ದವು. ಕಣ್ಣು ಮಾತ್ರ ಚಾಕುವಿನ ಮೇಲಿರಲಿಲ್ಲ, ಬಾಗಿಲ ಕಡೆಗಿತ್ತು. ಪಕ್ಕದ ಮನೆಯ ಆದಿಲಕ್ಷ್ಮಮ್ಮ ಬರುವ ಹೊತ್ತು.

“ಇವತ್ತಾದ್ರೂ ಹಾಕ್ತೀರಾ ಆ ಕಾಗದಾನ?” ಹೆಂಡತಿ ಆಂಜಿನಮ್ಮ ತಟ್ಟೆಯ ಮೇಲೆ ಸೊಪ್ಪು ಉದುರಿಸುತ್ತ ಕೇಳಿದರು.

“ನೋಡಣ.”

“ನೋಡಣ ನೋಡಣ ಅಂತ ಹತ್ತೊಂಬತ್ತು ದಿನ ಆಯ್ತು.”

ಬಯ್ಯಪ್ಪನವರು ಹೈದರಾಬಾದಿನಲ್ಲಿ, ಕ್ಷಿಪಣಿ ಮಾಡುವ ಒಂದು ಆಫೀಸಿನಲ್ಲಿ ಮೂವತ್ತೊಂದು ವರ್ಷ, ಹೆಂಡತಿಯನ್ನು ಊರಲ್ಲೇ ಬಿಟ್ಟು ದುಡಿದು, ನಿವೃತ್ತರಾಗಿ ದಿಬ್ಬೂರಹಳ್ಳಿಗೆ ಬಂದವರು. ಒಳಗಿನ ಮಾತು ಹೊರಗೆ ಆಡುವುದಿಲ್ಲವೆಂದು ಅಲ್ಲಿ ಎಲ್ಲರಿಂದಲೂ ಬರೆಸಿಕೊಳ್ಳುತ್ತಿದ್ದರು. ಇವರೂ ಬರೆದುಕೊಟ್ಟಿದ್ದರು. ಊರಿನವರು ಏನು ಕೇಳಿದರೂ ಬಯ್ಯಪ್ಪನವರು ಸುಮ್ಮನೆ ನಗುವರು. ಎಡಗೈಯಲ್ಲಿ ಮೊಣಕೈವರೆಗೆ ಸುಟ್ಟ ಕಲೆ. ಅದು ರಾಕೆಟ್ಟಿನ ಬೆಂಕಿ ಎಂದು ಹಾಲಿನ ಡೇರಿಯ ಸೆಕ್ರೆಟರಿ ವೆಂಕಟರವಣಪ್ಪ ಎಲ್ಲರಿಗೂ ಹೇಳಿದ. ಅದಕ್ಕೂ ನಕ್ಕರು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಶಾಲು ಹೊದಿಸಿ ‘ನಮ್ಮೂರ ವಿಜ್ಞಾನಿ’ ಎಂದಾಗ ನಗಲಾಗಲಿಲ್ಲ. ತಲೆ ತಗ್ಗಿಸಿ ನಿಂತರು. ದೊಡ್ಡವರ ವಿನಯ ಎಂದರೆ ಹೀಗಿರಬೇಕು ಎಂದು ಜನ ಮಾತಾಡಿಕೊಂಡರು.

ಹೋದ ಬೇಸಿಗೆಯಲ್ಲಿ ಪಕ್ಕದ ದೇಶ ಒಂದು ಹೊಸ ಕ್ಷಿಪಣಿ ಹಾರಿಸಿತು. ಎಂಟುನೂರು ಕಿಲೋಮೀಟರ್ ದೂರ ಹೋಗಿ ಗುರಿ ಮುಟ್ಟಿತೆಂದು ಹೇಳಿಕೊಂಡಿತು. ಆದಿಲಕ್ಷ್ಮಮ್ಮನ ಅಳಿಯ ಚಲಪತಿಯ ಮಿಲಿಟರಿ ಕ್ಯಾಂಪು ಆ ಅಳತೆಯೊಳಗಿತ್ತು. ಮಗಳು ಮುನಿಲಕ್ಷ್ಮಿ ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ಅಲ್ಲಿಗೇ ಹೊರಟಿದ್ದಳು. ಹೋಗುವುದೋ ಬಿಡುವುದೋ? ತಾಯಿ ಮಗಳು ಇಬ್ಬರೂ ಡೇರಿಗೆ ಬಂದು ಬಯ್ಯಪ್ಪನವರ ಮುಂದೆ ನಿಂತರು.

ವೆಂಕಟರವಣಪ್ಪ ಪೇಪರು ಕೊಟ್ಟ. ಚಿತ್ರದಲ್ಲಿ ಕ್ಷಿಪಣಿ, ಅದರ ಹಿಂದೆ ಎಂಟು ಹತ್ತು ಜನ ಅಧಿಕಾರಿಗಳು. ಬಯ್ಯಪ್ಪನವರು ಬಹಳ ಹೊತ್ತು ನೋಡಿದರು.

“ಸುಳ್ಳಪ್ಪ ಇದು. ಇವರ ಮುಖ ನೋಡ್ರಿ. ಗೆದ್ದೋರ ಮುಖಾನಾ ಇದು? ಬೆಳಗಿಂದ ಒಂದು ತುತ್ತು ಇಳಿದಿಲ್ಲ ಇವರ ಗಂಟಲಲ್ಲಿ.”

ಹಾಲಿನ ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಮುನಿಲಕ್ಷ್ಮಿಯೂ ನಕ್ಕಳು. ಆ ವಾರವೇ ರೈಲು ಹತ್ತಿದಳು. ಎರಡು ತಿಂಗಳಾದ ಮೇಲೆ, ಆ ಕ್ಷಿಪಣಿ ಅರ್ಧ ದಾರಿಯಲ್ಲೇ ಬಿದ್ದಿತ್ತೆಂದು ಪೇಪರಿನಲ್ಲಿ ಬಂತು. ಬಯ್ಯಪ್ಪನವರ ಹೆಸರು ಚಿಂತಾಮಣಿಯವರೆಗೂ ಹೋಯಿತು.

ಹೋದ ತಿಂಗಳು ಅದೇ ದೇಶ ಮತ್ತೊಂದನ್ನು ಹಾರಿಸಿತು. ಈ ಸಲ ಪೇಪರಿನಲ್ಲಿ ಬಂದದ್ದು ಬರೀ ಕ್ಷಿಪಣಿಯ ಚಿತ್ರ. ಹೊಗೆ, ಆಕಾಶ, ಅಷ್ಟೆ. ಬಯ್ಯಪ್ಪನವರು ಪುಟ ತಿರುಗಿಸಿದರು. ಮತ್ತೆ ಮೊದಲನೆಯ ಪುಟಕ್ಕೆ ಬಂದರು.

“ಏನಂತೀರಾ ಸಾರ್?” ಎಂದ ವೆಂಕಟರವಣಪ್ಪ.

“ಬೇರೆ ಫೋಟೋ ಇಲ್ವೇನಪ್ಪ?”

“ಕ್ಷಿಪಣಿ ಇಷ್ಟು ದೊಡ್ಡದಾಗಿ ಹಾಕವ್ರಲ್ಲ ಸಾರ್, ಇನ್ನೇನು ಬೇಕು?”

ಬಯ್ಯಪ್ಪನವರು ಪೇಪರು ಮಡಿಸಿಕೊಟ್ಟು ಮನೆಗೆ ನಡೆದರು. ನಾಲ್ಕೇ ದಿನಕ್ಕೆ ಮುನಿಲಕ್ಷ್ಮಿಯ ಕಾಗದ ಬಂತು. ‘ದೊಡ್ಡಪ್ಪ, ಇಲ್ಲಿ ಬೇಕಾದವರು ಊರಿಗೆ ಹೋಗಬಹುದು ಅಂದಿದ್ದಾರೆ. ನೀವು ಇರು ಅಂದರೆ ಇರುತ್ತೇನೆ. ಬಾ ಅಂದರೆ ಬರುತ್ತೇನೆ.’ ಅಂದೇ ಉತ್ತರ ಬರೆದರು. ಬರೆದು ಟ್ರಂಕಿನಲ್ಲಿಟ್ಟರು.

ಆದಿಲಕ್ಷ್ಮಮ್ಮ ಬಂದು ಹೊಸಿಲ ಮೇಲೆ ಕೂತರು.

“ಅಣ್ಣ, ನೆನ್ನೆ ಅಂಗಡಿ ಫೋನಿಗೆ ಮಾಡಿದ್ಲು. ಅವಳ ಕ್ವಾರ್ಟರ್ಸ್ ಲೈನಿನೋರೆಲ್ಲ ಊರಿಗೆ ಹೊರಟೋದ್ರಂತೆ. ಇವಳೊಬ್ಬಳೇ ಇರೋದು. ಬಾರೇ ಅಂದ್ರೆ ಕೇಳಲ್ಲ. ‘ಭಯ ಇದ್ದಿದ್ರೆ ದೊಡ್ಡಪ್ಪ ಅವತ್ತೇ ಬರೀತಿದ್ರು ಕಣಮ್ಮ, ಬರ್ದಿಲ್ಲ ಅಂದ್ರೆ ಏನೂ ಇಲ್ಲ ಅಂತ’ ಅಂತಾಳೆ. ನಿಜಾನಾ ಅಣ್ಣ?”

ಚಾಕು ನಿಂತಿತು. ಆಗಲೇ ಹೇಳಿಬಿಡಬೇಕಿತ್ತು.

“ನಾನು… ಬರೀತೀನಮ್ಮ.”

ಆ ತಾಯಿ ಕೈಮುಗಿದರು. ಸೊಪ್ಪಿನ ರಾಶಿ ನೋಡಿ, “ವಿಜ್ಞಾನಿ ಕೈ ಅಂದ್ರೆ ಹಿಂಗಿರಬೇಕು ನೋಡು ಆಂಜಿನಮ್ಮಕ್ಕ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ,” ಎಂದು ಹೇಳಿ ಎದ್ದು ಹೋದರು.

ಆಂಜಿನಮ್ಮ ಬಾಗಿಲು ಮುಂದಕ್ಕೆ ಎಳೆದರು.

“ನೀವು ಮಾಡಿದ ಕೆಲಸಕ್ಕೆ ನಾನು ಯಾವತ್ತೂ ನಾಚ್ಕೊಂಡಿಲ್ಲ. ಅದರಿಂದ್ಲೇ ನಾವು ಉಂಡಿದ್ದು. ಇವತ್ತು ನಾಚಿಕೆ ಆಯ್ತು.”

“ಯಾತಕ್ಕೆ?”

“ಆ ಮಗು ಅಲ್ಲಿ ಕೂತದೆ. ನೀವು ಇಲ್ಲಿ ಸುಮ್ಕೆ ಕೂತಿದೀರಲ್ಲ, ಅದಕ್ಕೆ.”

ಬಯ್ಯಪ್ಪನವರು ಕೈ ತೊಳೆದರು. ಟ್ರಂಕು ತೆಗೆದು, ಕಾಗದವನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು. ಶಿಡ್ಲಘಟ್ಟ ಬರುವವರೆಗೆ ಅಂಗೈ ಜೇಬಿನ ಮೇಲೇ ಇತ್ತು.

ಪೋಸ್ಟಾಫೀಸಿನಲ್ಲಿ ಗುಮಾಸ್ತ ಗುರುತು ಹಿಡಿದು ಎದ್ದು ನಿಂತ. “ವಿಜ್ಞಾನಿಗಳಲ್ವಾ ಸಾರ್ ತಾವು? ಕುರ್ಚಿ ಹಾಕಿಸ್ತೀನಿ, ಕೂತ್ಕೊಳ್ಳಿ.”

“ಬೇಡಪ್ಪ, ನಿಂತೇ ಇರ್ತೀನಿ. ಸ್ಪೀಡ್ ಪೋಸ್ಟ್ ಮಾಡು. ಬೇಗ ಹೋಗಬೇಕು.”

ಗುಮಾಸ್ತ ಲಕೋಟೆಗೆ ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಹಾಕಿದ. ಇನ್ನು ಅದನ್ನು ವಾಪಸು ಕೇಳುವ ಹಾಗಿರಲಿಲ್ಲ. ಒಳಗಿದ್ದದ್ದು ಮೂರೇ ಸಾಲು.

‘ಅಮ್ಮ ಮುನಿಲಕ್ಷ್ಮಿ, ನನ್ನ ಮಾತು ನಂಬಿಕೊಂಡು ಅಲ್ಲಿರಬೇಡ. ಇದು ಸಿಕ್ಕಿದ ದಿನವೇ ಮಗುವನ್ನು ಕರೆದುಕೊಂಡು ಹೊರಟು ಬಾ. ಆ ಆಫೀಸಿನ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಅಡಿಗೆ ಮಾಡಿದವನು ನಾನು.’