ಇರುಳದೊರೆಯನ್ನು ಓದುವ ಕ್ರಮ

"ಮೊದಲು ಶವಪೆಟ್ಟಿಗೆ, ಆಮೇಲೆ ರಕ್ತ."

ದಂತವೈದ್ಯ ಹೀಗೆ ಗೊಣಗಿದ್ದು ಕಿವಿಗೆ ಬಿದ್ದದ್ದೇ ತಡ, ಬಾಯಿ ತೆರೆದು ಮಲಗಿದ್ದ ರೋಗಿ ಧಡಕ್ಕನೆ ಎದ್ದು ಕೂತರು.

"ನಿಮಗಲ್ಲ, ನಿಮಗಲ್ಲ! ನಿಮ್ಮ ಹಲ್ಲು ಕಲ್ಲಿನ ಹಾಗಿದೆ. ನಾನು ಪಾಠ ಒಪ್ಪಿಸ್ತಿದ್ದೆ ಅಷ್ಟೇ" ಎಂದು ಅವನು ಅವರನ್ನು ಮತ್ತೆ ಕುರ್ಚಿಗೆ ಒರಗಿಸಿದ.

ಪಾಠ ಇರುಳದೊರೆಯದು. ಹಳೆಯ ಕಾಮಿಕ್ಸ್‌ಗಳ ರಕ್ತಪಿಶಾಚಿ ಅವನು. ಕೆಲವು ಸಂಚಿಕೆಗಳಲ್ಲಿ ಹಾರುವ ಮಹಾವೀರರ ಕಡುವೈರಿ, ಇನ್ನು ಕೆಲವುಗಳಲ್ಲಿ ಅವರದೇ ಪಕ್ಕ ನಿಂತು ಊರು ಕಾಯುವ ಬಂಟ. ದಂತವೈದ್ಯನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಆದರೆ ತಾನು ಮೆಚ್ಚಿದ ಹುಡುಗಿ "ನಮ್ಮನೇಲಿ ಇರುಳದೊರೆ ಅಂದ್ರೆ ಪ್ರಾಣ" ಎಂದಾಗ, "ಅಯ್ಯೋ, ನಂಗೂ ಅಷ್ಟೇ!" ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಖುಷಿಯಿಂದ ಮನೆಯಲ್ಲಿ ಹೇಳಿಯೂ ಆಗಿತ್ತು, ಭಾನುವಾರ ಸಂಜೆಗೆ ಕರೆ ಬಂದೂ ಆಗಿತ್ತು.

ಕೊನೆಗೆ ಅವನು ಅವಳ ಮುಂದೆ ನಿಜ ಬಾಯಿಬಿಟ್ಟ. ಅವಳು ಹಣೆ ಚಚ್ಚಿಕೊಂಡಳು.

"ನಮ್ಮನೇಲಿ ಏನು ಬೇಕಾದ್ರೂ ಸಹಿಸ್ತಾರೆ, ಸುಳ್ಳು ಹೇಳೋರನ್ನ ಮಾತ್ರ ಹೊಸ್ತಿಲು ದಾಟಿಸಲ್ಲ. ಇದು ಗೊತ್ತಾದ್ರೆ ಮದುವೆ ಮಾತು ಅಲ್ಲಿಗೇ ಮುಗೀತು."

ಮರುದಿನ ಅವಳು ಒಂದು ತೆಳು ಕೈಪಿಡಿ ತಂದು ಅವನ ಕೈಗಿಟ್ಟಳು. ಇರುಳದೊರೆಯನ್ನು ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ನಿಧಾನವಾಗಿ ಓದಬೇಕು ಎಂದೆಲ್ಲ ಅದರಲ್ಲಿತ್ತು. ಬರೆದವರ ಹೆಸರಿರಲಿಲ್ಲ. ಪುಟದ ತುಂಬ ಪೆನ್ಸಿಲ್ಲಿನ ಅಡಿಗೆರೆಗಳಿದ್ದವು.

"ಅಪ್ಪನ ಡ್ರಾಯರ್‌ನಿಂದ ಎಗರಿಸಿದ್ದು. ಸಂಚಿಕೆಗಳು ಬೀರುವಿನಲ್ಲಿವೆ, ಅವನ್ನ ತರೋಕಾಗಲ್ಲ. ಇದನ್ನಾದ್ರೂ ಉರು ಹೊಡಿ."

ಅವನು ಉರು ಹೊಡೆದ. ಹಲ್ಲು ಕೀಳುವಾಗ, ತುಂಬುವಾಗ, ಕೈ ತೊಳೆಯುವಾಗ ಹೊಡೆದ. ಮಾವನಾಗುವವರನ್ನು ಗೆದ್ದರೆ ಎಲ್ಲ ಗೆದ್ದಂತೆ ಎಂಬುದು ಅವನ ಲೆಕ್ಕ.

ಭಾನುವಾರ ಮಾವನಾಗುವವರು ಎದುರಿಗೆ ಕೂತರು. ಗಡಿಯಾರ ರಿಪೇರಿ ಅವರ ಕಸುಬು. ಕಿಟಕಿಯ ಪಕ್ಕ ಹುಡುಗಿಯ ತಾಯಿ ಅಚ್ಚಿನ ಕರಡು ತಿದ್ದುತ್ತಿದ್ದರು. ಅವರು "ಬನ್ನಿ, ಕೂತ್ಕೊಳ್ಳಿ" ಎಂದು ನಕ್ಕು ಮತ್ತೆ ಕೆಂಪು ಪೆನ್ಸಿಲ್ ಹಿಡಿದಿದ್ದರು.

"ಏನಪ್ಪಾ, ದೊರೆ ಹೇಗೆ?" ಎಂದರು ಗಡಿಯಾರದವರು, ಗಂಟಲು ಸರಿಮಾಡಿಕೊಂಡು.

"ಮೊದಲ ಸಂಚಿಕೆಯಿಂದ ಶುರು ಮಾಡಬಾರದು ಸಾರ್. ಅದರಲ್ಲಿ ದೊರೆಗೆ ಒಂದೇ ಕೋರೆಹಲ್ಲು..."

"...ಚಿತ್ರಕಾರ ಇನ್ನೊಂದನ್ನು ಮರೆತಿದ್ದಾನೆ!" ಎಂದು ಅವರು ಮುಗಿಸಿದರು. ಕೈಪಿಡಿಯ ವಾಕ್ಯ, ಅಕ್ಷರವೂ ಆಚೀಚೆಯಿಲ್ಲ. ದಂತವೈದ್ಯ ಕುರ್ಚಿಯ ಅಂಚಿಗೆ ಸರಿದ. ಇವರಿಗೆ ಪೂರ್ತಿ ಕಂಠಪಾಠ!

ಗಡಿಯಾರದವರು ಕಿಟಕಿಯತ್ತ ಒಮ್ಮೆ ನೋಡಿ, ತಟ್ಟನೆ ಎದ್ದರು. "ಬಾ, ನನ್ನ ಕೆಲಸದ ಕೋಣೆ ತೋರಿಸ್ತೀನಿ."

ಒಳಗೆ ಹೋದದ್ದೇ ಬಾಗಿಲು ಹಾಕಿದರು. ಗೋಡೆಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವು.

"ನನ್ನ ಡ್ರಾಯರ್‌ನಿಂದ ಕೈಪಿಡಿ ಮಾಯವಾಗಿದೆ. ನಿನ್ನ ಹತ್ರ ತಾನೇ ಇರೋದು?"

ಮುಗಿಯಿತು ಕಥೆ, ಅಂದುಕೊಂಡ ದಂತವೈದ್ಯ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು ಸಾರ್. ಒಂದು ಸಂಚಿಕೇನೂ ಓದಿಲ್ಲ. ನಿಮ್ಮ ಮಗಳು ಅಂದ್ರೆ ನಂಗೆ ತುಂಬ ಇಷ್ಟ, ಅದಕ್ಕೇ..."

"ಮೆಲ್ಲಗೆ ಮಾರಾಯ! ನಾನೂ ಓದಿಲ್ಲ."

ದಂತವೈದ್ಯ ತನ್ನ ರೋಗಿಗಳ ಹಾಗೆ ಬಾಯಿ ತೆರೆದ.

"ಪಿಶಾಚಿ ಅಂದ್ರೆ ನಂಗೆ ಪುಕ್ಕಲು ಕಣೋ. ದೊರೆ ಅಂದ್ರೆ ಪ್ರಾಣ ಬಿಡೋದು ನಮ್ಮನೆಯವಳು. ಮದುವೆಗೆ ಮುಂಚೆ ಅವಳ ಹಿಂದೆ ಲೈಬ್ರರಿಗೆ ಅಲೀತಿದ್ದೆ. ಅಲ್ಲಿ ಮೇಜಿನ ಮೇಲೆ ಈ ಕೈಪಿಡಿ ಸಿಕ್ತು. ಯಾವ ಪುಣ್ಯಾತ್ಮ ಬರೆದನೋ, ಅವನ ಹೊಟ್ಟೆ ತಣ್ಣಗಿರಲಿ! ಉರು ಹೊಡೆದು ಪಾಸಾದೆ. ಅವತ್ತಿಂದ ನಾಟಕ ನಡೀತಾನೇ ಇದೆ."

"ಹಾಗಾದ್ರೆ ನನ್ನ ಪರೀಕ್ಷೆ..."

"ಇನ್ನೂ ಶುರುವೇ ಆಗಿಲ್ಲ. ಅವಳು ಕೇಳೋದು ಒಂದೇ ಪ್ರಶ್ನೆ, ಇಷ್ಟವಾದ ಸಂಚಿಕೆ ಯಾವುದು ಅಂತ. ಕಣ್ಣು ಮುಚ್ಚಿ 'ಕನ್ನಡಿ ಸಂಚಿಕೆ' ಅನ್ನು. ಕೈಪಿಡೀಲಿ ಅದರ ವಿವರ ಇದೆಯಲ್ಲ, ಅಳು ಬಂತು ಅಂತಾನೂ ಸೇರಿಸು. ನನ್ನ ಬದುಕು ಬಂಗಾರ ಆಗಿದ್ದೇ ಆ ಮಾತಿಂದ."

ಇಬ್ಬರೂ ಕಳ್ಳಬೆಕ್ಕುಗಳಂತೆ ಹೊರಗೆ ಬಂದರು. ಹುಡುಗಿ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದಳು. ತಾಯಿ ಕರಡನ್ನು ಪಕ್ಕಕ್ಕಿಟ್ಟು ಕನ್ನಡಕ ತೆಗೆದರು.

"ನಿಮಗೆ ತುಂಬ ಇಷ್ಟವಾದ ಸಂಚಿಕೆ ಯಾವುದು?"

"ಕನ್ನಡಿ ಸಂಚಿಕೆ ಅಮ್ಮ" ಎಂದ ದಂತವೈದ್ಯ ತಡವರಿಸದೆ. "ದೊರೆ ಮೊದಲ ಸಲ ಕನ್ನಡೀಲಿ ತನ್ನ ಮುಖ ಕಾಣ್ತಾನಲ್ಲ, ಅಲ್ಲಿ ಕಣ್ಣೀರು ತಡೆಯೋಕಾಗ್ಲಿಲ್ಲ."

ಗಡಿಯಾರದವರು ಭೇಷ್ ಎನ್ನುವಂತೆ ತಲೆದೂಗಿದರು. ತಾಯಿ ಗಂಡನನ್ನು ನೋಡಿದರು, ಮತ್ತೆ ಹುಡುಗನನ್ನು ನೋಡಿದರು. ಆಮೇಲೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಂಥ ಸಂಚಿಕೆ ಬಂದೇ ಇಲ್ಲ ಕಣಪ್ಪ. ಬರೀ ಕೈಪಿಡಿ ಓದಿ ಬರೋರನ್ನ ಹಿಡಿಯೋಕೆ ಅಂತ ಅದನ್ನ ಬರೆಯುವಾಗ ನಾನೇ ಸೇರಿಸಿದ್ದು. ಇಲ್ಲೀವರೆಗೆ ಸಿಕ್ಕಿಬಿದ್ದವರು ಇಬ್ಬರೇ: ಒಬ್ಬರನ್ನ ನಾನು ಕಟ್ಟಿಕೊಂಡೆ, ಇನ್ನೊಬ್ಬರಿಗೆ ಮಗಳನ್ನ ಕೊಡ್ತಿದೀನಿ."